ತಂಗಿ ಬೀಗರೂಟಕ್ಕೆ ವೈನ್ ತರಬೇಕು: ಎಷ್ಟು, ಯಾವುದು, ಎಲ್ಲಿಂದ?

ತೀರ್ಥಹಳ್ಳಿ ಹುಡುಗ
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೇ ವಾರ ತಂಗಿ ಮದುವೆ. ಧಾರೆ ಶಿವಮೊಗ್ಗದ ಛತ್ರದಲ್ಲಿ, ಅಲ್ಲೇನೂ ತಲೆಬಿಸಿ ಇಲ್ಲ. ತಲೆಬಿಸಿ ಇರೋದು ಎರಡು ದಿನ ಬಿಟ್ಟು ನಮ್ಮನೆ ಅಂಗಳದಲ್ಲಿ ಆಗೋ ಬೀಗರೂಟದ್ದು. ರಿಸೆಪ್ಷನ್ ಅಂತ ಬೇರೆ ಇಲ್ಲ, ಎಲ್ಲಾ ಅದರಲ್ಲೇ. 320 ಜನ. ಕಡುಬು, ಕೋಳಿ ಸಾರು, ಹಂದಿ ಮಾಂಸ, ಅಕ್ಕಿ ರೊಟ್ಟಿ.

ಭಾವ, ಅಂದ್ರೆ ಮದುಮಗ, ಜರ್ಮನಿಯಲ್ಲಿ ಕೆಲಸ ಮಾಡೋದು. ಅವರ ಜೊತೆಯವರು 14 ಜನ ಅಲ್ಲಿಂದಲೇ ಬರ್ತಿದ್ದಾರೆ. ತಂಗಿಯ ಬೆಂಗಳೂರು ಆಫೀಸಿನವರು ಒಂದು 25. ಅವಳು ಹೇಳೋದು: "ಎಲ್ಲರೆದುರು ಮೇಜಿನ ಮೇಲೆ ವೈನ್ ಇಡಬೇಕು, ನೊರೆ ಬರೋ ವೈನಲ್ಲಿ ಒಂದು ಟೋಸ್ಟ್ ಆಗಬೇಕು." ಅಂದ್ರೆ ಎಲ್ಲರೂ ಗ್ಲಾಸ್ ಎತ್ತಿ ಹಾರೈಸಿ ಕುಡಿಯೋದು. ಅಪ್ಪ ಹೇಳೋದು: "ಕುಡಿಯೋರು ಯಾವಾಗ್ಲೂ ಕುಡಿಯೋ ಕಡೆ ಕುಡೀಲಿ." ಅಂದ್ರೆ ಕೊಟ್ಟಿಗೆ ಹಿಂದೆ, ಜೀಪಿನ ಮರೆಯಲ್ಲಿ.

ನಾನು ಜನ್ಮದಲ್ಲಿ ವೈನ್ ಕೊಂಡವನಲ್ಲ. ಊರಲ್ಲಿ ಮೂರು ಅಂಗಡಿಗೆ ಹೋಗಿ ಕೇಳಿದೆ. ಬೋರ್ಡಲ್ಲಿ ದೊಡ್ಡಕ್ಷರದಲ್ಲಿ "ವೈನ್ಸ್" ಅಂತ ಇದೆ. ಒಳಗೆ ವೈನ್ ಕೇಳಿದ್ರೆ ಹುಡುಗ ನನ್ನ ಮುಖ ನೋಡಿ, ಯಾರಿಗೆ ಹುಷಾರಿಲ್ಲ ಅಂತ ಕೇಳಿದ. ಧೂಳು ಒರೆಸಿ ಪೋರ್ಟ್ ಅನ್ನೋ ಒಂದು ಸಿಹಿ ವೈನ್ ಕೊಟ್ಟ. ಮನೆಗೆ ತಂದು ಕುಡಿದೆ, ಕೆಮ್ಮಿನ ಸಿರಪ್ಪೇ. ಷಾಂಪೇನ್ ತರಲೇಬೇಕಾ? ಒಟ್ಟು ಎಷ್ಟು ಬಾಟಲಿ? ಗೊತ್ತಿರೋರು ಹೇಳಿ.

ಜೀಪ್ ನಂಬರ್ 4
ನಿಮ್ಮಪ್ಪ ಹೇಳಿದ್ದೇ ಸರಿ ಮಾರಾಯ. ಮೇಜಿನ ಮೇಲೆ ಇಟ್ರೆ ನಾವೆಲ್ಲ ಎಲ್ಲಿ ಹೋಗಿ ಮಾತಾಡೂದು?

ಬಾರ್ ಕೌಂಟರ್
ನಾನು ಬೆಂಗಳೂರಲ್ಲಿ ಒಂದು ಹೋಟೆಲಿನಲ್ಲಿ ಒಂಬತ್ತು ವರ್ಷ ಬಾರ್ ನೋಡಿಕೊಂಡವ, ಈಗ ಸಾಗರದಲ್ಲಿ ತೋಟ. ಒಂದೊಂದಾಗಿ ಹೇಳ್ತೀನಿ.

ಷಾಂಪೇನ್ ಅನ್ನೋದು ಊರಿನ ಹೆಸರು. ಫ್ರಾನ್ಸಿನ ಷಾಂಪೇನ್ ಪ್ರದೇಶದಲ್ಲಿ ಬೆಳೆದ ದ್ರಾಕ್ಷಿಯಿಂದ, ಅಲ್ಲೇ ಮಾಡಿದ್ದಕ್ಕೆ ಮಾತ್ರ ಆ ಹೆಸರು. ನಮ್ಮಲ್ಲಿ 2019ರಲ್ಲಿ ಶಿರಸಿ ಸುಪಾರಿಗೆ ಜಿಐ (ಭೌಗೋಳಿಕ ಗುರುತು) ಸಿಕ್ತಲ್ಲ, ಹಾಗೇ. ಬೇರೆ ಕಡೆಯ ಅಡಿಕೆಯನ್ನ ಶಿರಸಿಯದ್ದು ಅಂತ ಮಾರಬಾರದು, ಅಷ್ಟೇ ವಿಷಯ. ನೊರೆ ಬರೋ ಉಳಿದದ್ದೆಲ್ಲ ಬರೀ ಸ್ಪಾರ್ಕ್ಲಿಂಗ್ ವೈನ್. ಇಟಲಿಯದ್ದು ಪ್ರೊಸೆಕ್ಕೊ, ಸ್ಪೇನಿನದ್ದು ಕಾವಾ.

ನಿಮಗೆ ಆ ಮೂರೂ ಬೇಡ. ಆಮದು ವೈನ್ ಮೇಲೆ ಬಹಳ ಕಾಲ ಕೇಂದ್ರದ ಸುಂಕವೇ ಶೇಕಡ 150 ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ. ದುಡ್ಡು ಬಾಟಲಿಗಲ್ಲ, ತೆರಿಗೆಗೆ ಹೋಗುತ್ತೆ. ನಾಸಿಕದ ಕಡೆ ಸುಲಾದವರು ಮಾಡೋ ಬ್ರೂಟ್ ಅನ್ನೋ ನೊರೆ ವೈನ್ ಇದೆ, ಶಾಂಡೋನ್‌ನವರದ್ದಿದೆ. ನಮ್ಮ ನಂದಿ ಬೆಟ್ಟದ ಬುಡದ ಗ್ರೋವರ್ ಜಂಪಾದವರೂ ಮಾಡ್ತಾರೆ. ಸುಲಾ, ಶಾಂಡೋನ್‌ನವರು ಮಾಡೋದು ಷಾಂಪೇನಿನ ಕ್ರಮದಲ್ಲೇ: ವೈನ್ ಒಮ್ಮೆ ಹುಳಿ ಬಂದು ಸಿದ್ಧ ಆದಮೇಲೆ, ಬಾಟಲಿಗೆ ತುಂಬುವಾಗ ಮತ್ತೆ ಅಳತೆಯ ಸಕ್ಕರೆ, ಯೀಸ್ಟ್ ಹಾಕಿ ಮುಚ್ಚೋದು. ಒಳಗೆ ಹುಟ್ಟಿದ ಗಾಳಿಗೆ ಹೊರಗೆ ದಾರಿ ಇಲ್ಲ, ವೈನಲ್ಲೇ ಕರಗಿ ಕೂರುತ್ತೆ. ಜರ್ಮನಿಯವರಿಗೆ ಅವರೂರಲ್ಲೇ ಸಿಗೋ ಷಾಂಪೇನ್ ಇಲ್ಲಿ ಕುಡಿಸೋದ್ರಲ್ಲಿ ಎಂತ ಮಜ ಇದೆ? ನಮ್ಮ ದೇಶದ್ದೇ ಅಂದ್ರೆ ಅವರೂ ಬಾಟಲಿ ತಿರುಗಿಸಿ ನೋಡ್ತಾರೆ.

ಲೇಬಲ್ ಓದುವಾಗ ಒಂದು ಮೋಸ ಇದೆ. "ಬ್ರೂಟ್" ಅಂದ್ರೆ ಲೀಟರಿಗೆ 12 ಗ್ರಾಮಿಗಿಂತ ಕಮ್ಮಿ ಸಕ್ಕರೆ. "ಎಕ್ಸ್‌ಟ್ರಾ ಡ್ರೈ" ಅಂತ ಬರೆದಿದ್ರೆ ಇನ್ನೂ ಕಮ್ಮಿ ಅಂದ್ಕೋಬೇಡಿ, ಅದು ಬ್ರೂಟ್‌ಗಿಂತ ಸಿಹಿ. "ಡೆಮಿ ಸೆಕ್" ಅಂದ್ರೆ ಸರಿಯಾಗೇ ಸಿಹಿ, 32ರಿಂದ 50 ಗ್ರಾಮ್. ಮೊದಲ ಸಲ ಕುಡಿಯೋ ನಮ್ಮೂರವರು ಬ್ರೂಟ್ ಬಾಯಿಗಿಟ್ಟು "ಹುಳಿ ಆಗಿದೆ" ಅಂತಾರೆ. ಎರಡೋ ಮೂರೋ ಸಿಹಿ ಬಾಟಲಿ ಇಟ್ಕೊಳ್ಳಿ.

ಹಳೇ ಗುಮಾಸ್ತ
ತಮ್ಮಾ, ರುಚಿ ಆಮೇಲೆ. ಮೊದಲು ಕಾಗದ. ಮನೆ ಅಂಗಳ ನಿಮ್ಮದೇ ಇರಬಹುದು, 320 ಜನರ ಸಮಾರಂಭದಲ್ಲಿ ಮದ್ಯ ಕೊಡಬೇಕಾದ್ರೆ ಅಬಕಾರಿ ಇಲಾಖೆಯ ತಾತ್ಕಾಲಿಕ ಸನ್ನದು ಮಾಡಿಸಿಕೊಳ್ಳಬೇಕು. ಸಿಎಲ್-5 ಅಂತಾರೆ. ಶಿವಮೊಗ್ಗದಲ್ಲಿ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ವಿಚಾರಿಸು. ಲಗ್ನಪತ್ರಿಕೆಯ ಒಂದು ಪ್ರತಿ ಕೈಲಿರಲಿ. ಮದುವೆ ವಾರದಲ್ಲಿ ಹೋಗಿ ನಿಂತ್ಕೋಬೇಡ, ತಿಂಗಳ ಮುಂಚೆ ಹೋಗು. ಅನುಮತಿ ಇಲ್ದೆ ಮನೆಯಲ್ಲಿ ಇಡೋಕೆ, ಗಾಡಿಯಲ್ಲಿ ಸಾಗಿಸೋಕೆ ಮಿತಿ ಇದೆ, ಪೆಟ್ಟಿಗೆಗಟ್ಟಲೆ ತಂದ್ರೆ ಅದು ದಾಟುತ್ತೆ. ಖರೀದಿ ಬಿಲ್ಲು ಜೇಬಲ್ಲೇ ಇರಲಿ.

ದಿನಾಂಕವನ್ನೂ ನೋಡ್ಕೋ. ಚುನಾವಣೆ ಬಂದ್ರೆ ಮತದಾನ ಮುಗಿಯೋ ಮುಂಚಿನ 48 ಗಂಟೆ ಮಾರಾಟ ಬಂದ್. ಶಿವಮೊಗ್ಗದಲ್ಲಿ ಗಣಪತಿ ಮೆರವಣಿಗೆ ದಿನವೂ ಅಂಗಡಿ ಮುಚ್ಚಿಸೋ ಕಥೆ ಎಲ್ಲರಿಗೂ ಗೊತ್ತು. ಏಪ್ರಿಲಲ್ಲಿ ಅದರ ಚಿಂತೆ ಇಲ್ಲ.

ಜೀಪ್ ನಂಬರ್ 4
ಗೋವಾಕ್ಕೆ ಒಂದು ಟ್ರಿಪ್ ಹೊಡೆದ್ರೆ ಅರ್ಧ ರೇಟು. ಗಾಡಿ ನಂದೇ. ಡೀಸೆಲ್ ಹಾಕ್ಸು ಸಾಕು.

ಹಳೇ ಗುಮಾಸ್ತ
ಆ ಬಾಟಲಿ ಮೇಲೇ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಅಂತ ಅಚ್ಚಾಗಿರುತ್ತೆ. ಕಾರವಾರದ ಹತ್ರ ಮಾಜಾಳಿ ತನಿಖಾ ಠಾಣೆಯಲ್ಲಿ ಡಿಕ್ಕಿ ತೆಗೆಸ್ತಾರೆ. ಹುಡುಗಿ ಅಣ್ಣ ಮದುವೆ ವಾರ ಕಾರವಾರದಲ್ಲಿ ಕೇಸು ಹಾಕಿಸ್ಕೊಂಡು ಕೂತ್ರೆ ಚಪ್ಪರ ನೀನು ಕಟ್ತೀಯಾ?

ಜೀಪ್ ನಂಬರ್ 4
ಸುಮ್ನೆ ಹೇಳಿದ್ದು ಮಾರಾಯ್ರೆ 🙏

ಮಂಡಿ ಲೆಕ್ಕ
320ನ್ನ ಇಟ್ಕೊಂಡು ಲೆಕ್ಕ ಹಾಕಬೇಡ, ಮುಳುಗ್ತೀಯ. ನಮ್ಮ ಕಡೆ ಬೀಗರೂಟದಲ್ಲಿ ಅರ್ಧಕ್ಕರ್ಧ ಜನ ಮುಟ್ಟೋದೇ ಇಲ್ಲ. ಮುಟ್ಟೋರಲ್ಲಿ ಮುಕ್ಕಾಲು ಪಾಲು ವಿಸ್ಕಿ, ಬ್ರಾಂದಿ, ಬಿಸಿಲಿಗೆ ಬಿಯರು. ಅವರ ಮುಂದೆ ವೈನ್ ಹಿಡಿದ್ರೆ ಒಂದು ಗುಟುಕು ಕುಡಿದು ಗ್ಲಾಸು ಜಗಲಿ ಮೇಲಿಟ್ಟು ಕೊಟ್ಟಿಗೆ ಕಡೆ ನಡೀತಾರೆ. ಆ ಗ್ಲಾಸಿನ ದುಡ್ಡು ನಿಂದು.

ಹೊರಗಿನವರು 14 ಮತ್ತು 25, ಸೇರಿ 39. ನಮ್ಮವರಲ್ಲಿ ಕುಡಿದು ನೋಡ್ತೀನಿ ಅನ್ನೋರು ಒಂದು 16 ಹಿಡಿ. 55 ಆಯ್ತು. 750 ಮಿಲಿ ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸ್ ಬರುತ್ತೆ. ನೊರೆದಾದ್ರೆ ಗ್ಲಾಸ್ ಸಣ್ಣ, ಆರು ಬರುತ್ತೆ. ಟೋಸ್ಟಿಗೆ ತಲಾ ಒಂದು, ಜೊತೆಗೆ ದೊಡ್ಡವರಿಗೆ, ಫೋಟೋಕ್ಕೆ ನಿಲ್ಲೋರಿಗೆ ಅಂತ 70 ಗ್ಲಾಸ್ ಅಂದ್ಕೋ, 12 ಬಾಟಲಿ, ಒಂದು ಪೆಟ್ಟಿಗೆ. ಆಮೇಲೆ ಊಟದ ಜೊತೆ ತಲಾ ಎರಡೂವರೆ ಗ್ಲಾಸ್, ಅಂದ್ರೆ 138, ಬಾಟಲಿ 28. ಇದರ ಮೇಲೆ ಒಂದೂ ಬೇಡ. ಉಳಿದ್ರೆ ಅಂಗಡಿಯವನು ವಾಪಸ್ ತಗೋತಾನಾ ಅಂತ ಕೊಳ್ಳೋ ಮುಂಚೆ ಬಾಯಿಬಿಟ್ಟು ಕೇಳು. ನಮ್ಮ ಮನೆ ಮದುವೆಯಲ್ಲಿ ಕೇಳದೆ ತಂದು ಆಮೇಲೆ ಮೂರು ವರ್ಷ ಬಂದ ನೆಂಟರಿಗೆಲ್ಲ ಅದನ್ನೇ ಬಗ್ಗಿಸಿದೀವಿ.

ಇನ್ನೊಂದು. ತೀರ್ಥಹಳ್ಳಿಯಲ್ಲಿ ಒಂದೇ ಬಗೆಯದ್ದು ಒಂದು ಪೆಟ್ಟಿಗೆ ಸಿಗಲ್ಲ. ಶಿವಮೊಗ್ಗದಲ್ಲಿ ಒಂದು ದೊಡ್ಡ ಅಂಗಡಿ ಹಿಡಿದು, ಮುಂಗಡ ಕೊಟ್ಟು, ಇಂಡೆಂಟ್ ಹಾಕಿಸು, ಅಂದ್ರೆ ಬೇಕಾದ್ದನ್ನ ತರಿಸಿಕೊಡೋಕೆ ಆರ್ಡರ್ ಬರೆಸು. ಹತ್ತು ಹದಿನೈದು ದಿನ ಕೈಲಿಟ್ಕೋ.

ಕೊಪ್ಪದ ಅತ್ತಿಗೆ
ಆ 16ರಲ್ಲಿ ಹೆಂಗಸರನ್ನ ಎಣಿಸಿದ್ರಾ ಮಂಡಿಯವರೇ? ಇಷ್ಟು ವರ್ಷ ಬೀಗರೂಟದಲ್ಲಿ ನಾವು ಒಳಗೆ ಕಡುಬು ಬೇಯಿಸ್ತಾ ಇರ್ತೀವಿ, ನೀವು ಕೊಟ್ಟಿಗೆ ಹಿಂದೆ ಇರ್ತೀರಿ. ಅಲ್ಲಿಗೆ ನಾವು ಬರೋ ಹಾಗಿಲ್ಲ, ಬಂದ್ರೂ ಆ ವಾಸನೆಯಲ್ಲಿ ನಿಲ್ಲೋಕಾಗಲ್ಲ. ಆ ಹುಡುಗಿ ಮೇಜಿನ ಮೇಲೆ ಇಡಿ ಅಂತಿರೋದು ಜರ್ಮನಿಯವರಿಗಾಗಿ ಅಂತ ನಂಗೆ ಅನ್ಸಲ್ಲ. ಅತ್ತೆ, ಚಿಕ್ಕಮ್ಮ ಎಲ್ಲ ಕೂತು ಒಂದು ಗ್ಲಾಸ್ ಹಿಡಿದ್ರೆ ಆಕಾಶ ಬೀಳಲ್ಲ. ನಮ್ಮಜ್ಜಿ ರಾತ್ರಿ ಊಟ ಆದ್ಮೇಲೆ ದಿನಾ ದ್ರಾಕ್ಷಾಸವ ಕುಡೀತಿದ್ರು. ಅದರ ಬಾಟಲಿ ಮೇಲೂ ಆಲ್ಕೋಹಾಲ್ ಇದೆ ಅಂತ ಬರೆದಿರುತ್ತೆ, ಓದಿ ನೋಡಿ. ಯಾರೂ ಅವರನ್ನ ಕೊಟ್ಟಿಗೆಗೆ ಕಳಿಸಿಲ್ಲ.

ಅಡುಗೆ ವಿಷಯಕ್ಕೆ ಬರ್ತೀನಿ, ಅದು ನಂಗೆ ಗೊತ್ತಿರೋದು. ಕೆಂಪು ವೈನ್ ಜಾಸ್ತಿ ತರಬೇಡಿ. ಅದು ಒಗರು. ನಮಗೆ ಒಗರು ಯಾರೂ ಹೇಳಿಕೊಡಬೇಕಾಗಿಲ್ಲ, ಹಸಿ ಅಡಿಕೆ ಜಗಿದು ಬೆಳೆದವರು. ಕೆಂಪು ವೈನನ್ನ ಸಿಪ್ಪೆ, ಬೀಜದ ಜೊತೆಗೇ ಕೊಳೆಹಾಕ್ತಾರೆ, ಅಡಿಕೆ ಬೇಯಿಸಿದ ನೀರಿಗೆ ಚೊಗರು ಇಳಿದ ಹಾಗೆ ಅದರ ಬಣ್ಣ, ಒಗರು ಎರಡೂ ರಸಕ್ಕೆ ಇಳಿಯುತ್ತೆ. ಬಿಳಿಯದ್ದಕ್ಕೆ ಮೊದಲೇ ಸಿಪ್ಪೆ ಬೇರೆ ಮಾಡಿ ರಸ ಮಾತ್ರ ಇಡೋದು. ನಮ್ಮ ಹಂದಿ ಮಾಂಸದಲ್ಲಿ ಕಾಳುಮೆಣಸು, ಹಸಿಮೆಣಸು ಎರಡೂ ಇರುತ್ತೆ. ಖಾರದ ಮೇಲೆ ಒಗರು ಬಿದ್ರೆ ನಾಲಿಗೆ ಇನ್ನೂ ಉರಿಯುತ್ತೆ. ನಮ್ಮನೆಯಲ್ಲಿ ಒಂದ್ಸಲ ಹಾಗೇ ಮಾಡಿ, ಬೆಂಗಳೂರಿನ ನೆಂಟರು ಗ್ಲಾಸ್ ಬದಿಗಿಟ್ಟು ಮಜ್ಜಿಗೆ ಕೇಳಿದ್ರು.

ಶೆನಿನ್ ಬ್ಲಾಂಕ್ ಅಂತ ಬಿಳಿ ವೈನ್ ಇದೆ, ನಾಸಿಕದ ಕಡೆಯವರು ಮಾಡ್ತಾರೆ, ಸ್ವಲ್ಪ ಸಿಹಿ ಇಟ್ಟಿರ್ತಾರೆ. ಖಾರಕ್ಕೆ ಅದೇ ಸರಿ. ರೋಸೆ, ಅಂದ್ರೆ ಗುಲಾಬಿ ಬಣ್ಣದ ವೈನ್, ಕೋಳಿ ಸಾರಿಗೆ ಹೊಂದುತ್ತೆ. ಮತ್ತೆ ಆ ನೊರೆದನ್ನ ಟೋಸ್ಟಲ್ಲೇ ಮುಗಿಸಬೇಡಿ, ಹಂದಿ ಹುರಿದದ್ದರ ಜೊತೆ ಇಡಿ. ಕೊಬ್ಬು ಬಾಯಲ್ಲಿ ಕೂತಿರುತ್ತಲ್ಲ, ಆ ಹುಳಿ, ಆ ಗುಳ್ಳೆ ಅದನ್ನ ತೊಳೆದು ಹಾಕುತ್ತೆ. ಅಪ್ಪೆಮಿಡಿ ಕಚ್ಚಿದ ಹಾಗೆ.

ಬಾರ್ ಕೌಂಟರ್
ಅಕ್ಕ ಹೇಳಿದ್ದು ನೂರಕ್ಕೆ ನೂರು. ಹೋಟೆಲಲ್ಲಿ ನಾವು ಇದನ್ನ ಕಲಿಯೋಕೆ ಎರಡು ವರ್ಷ ತಗೊಂಡ್ವಿ.

ಅಟ್ಟದ ಬೆಕ್ಕು
ಕೊಳ್ಳೋದ್ಯಾಕೆ? ಜಂಬುನೇರಳೆ ವೈನ್ ಮನೆಯಲ್ಲೇ ಮಾಡಬಹುದು. ನಮ್ಮತ್ತೆ ಮಾಡ್ತಿದ್ರು.

ಕೊಪ್ಪದ ಅತ್ತಿಗೆ
ಏಪ್ರಿಲಲ್ಲಿ ನೇರಳೆ ಹಣ್ಣು ಎಲ್ಲಿಂದ ತರ್ತೀಯ? ಅದು ಮಳೆ ಹಿಡಿಯೋ ಹೊತ್ತಿನ ಹಣ್ಣು.

ಅಟ್ಟದ ಬೆಕ್ಕು
ಹೌದಲ್ಲ. ಒಂದು ನಿಜ ಹೇಳ್ಬಿಡ್ತೀನಿ, ನನ್ನ ಹೆಸರು ಹೀಗೆ ಆಗಿದ್ದೇ ಅದರಿಂದ. ಹುಳಿ ಬರೋದು ನಿಲ್ಲೋ ಮುಂಚೆಯೇ ಬಿಯರ್ ಬಾಟಲಿಗೆ ತುಂಬಿ ಬಿರಡೆ ಬಿಗಿದು ಅಟ್ಟಕ್ಕಿಟ್ಟಿದ್ವಿ. ನಡುರಾತ್ರಿ ಢಂ ಢಂ ಅಂತ ಆರು ಬಾಟಲಿ ಸಿಡೀತು. ಕಳ್ಳರು ಕೋವಿ ತಂದಿದ್ದಾರೆ ಅಂತ ಮಾವ ದೊಣ್ಣೆ ಹಿಡಿದು ಹತ್ತಿದ್ರು. ಮೇಲಿಂದ ನೇರಳೆ ಬಣ್ಣದ ಬೆಕ್ಕು ಹಾರಿ ಬಂತು. ಮೇಲೆ ಬಾರ್ ಅಣ್ಣ ಹೇಳಿದ್ರಲ್ಲ, ಬಾಟಲಿಯೊಳಗೆ ಎರಡನೇ ಸಲ ಹುಳಿ ಬರಿಸೋದು, ನಾವು ಅದನ್ನೇ ಮಾಡಿದ್ದು, ಅಳತೆ ಒಂದಿರಲಿಲ್ಲ.

ಬಾರ್ ಕೌಂಟರ್
😂 ಅದಕ್ಕೇ ಆ ಬಾಟಲಿ ಅಷ್ಟು ದಪ್ಪ, ಅಷ್ಟು ಭಾರ ಇರೋದು. ಒಳಗೆ ಐದಾರು ಪಟ್ಟು ವಾಯು ಒತ್ತಡ ಇರುತ್ತೆ, ಕಾರಿನ ಟೈರಲ್ಲಿ ಇರೋದಕ್ಕಿಂತ ಎರಡು ಮೂರು ಪಟ್ಟು. ಸಿನಿಮಾದಲ್ಲಿ ಮಾಡಿದ ಹಾಗೆ ಅಲುಗಾಡಿಸಿ ತೆಗೆಯೋಕೆ ಯಾರಿಗೂ ಬಿಡಬೇಡಿ. ಒಬ್ಬನಿಗೆ ಮುಂಚೆಯೇ ಕಲಿಸಿಡಿ: ಬೇಗಡೆ ಬಿಡಿಸಿ, ಹೆಬ್ಬೆರಳು ಬಿರಡೆ ಮೇಲೆ ಒತ್ತಿಹಿಡಿದೇ ತಂತಿ ಸಡಿಲ ಮಾಡೋದು, ತಂತಿ ಆರು ಅರ್ಧ ಸುತ್ತು ಬರುತ್ತೆ. ಬಾಟಲಿ ಓರೆ ಹಿಡಿದು, ಬಿರಡೆಯನ್ನಲ್ಲ, ಬಾಟಲಿಯನ್ನ ಮೆಲ್ಲಗೆ ತಿರುಗಿಸೋದು. ನಿಟ್ಟುಸಿರು ಬಿಟ್ಟ ಹಾಗೆ ಶಬ್ದ ಬಂದ್ರೆ ಸರಿಯಾಗಿ ತೆಗೆದ ಅಂತ ಲೆಕ್ಕ. ಬಾಯಿ ಯಾರ ಮುಖದ ಕಡೆಗೂ ಬೇಡ. ಬೆಚ್ಚಗಿರೋ ಬಾಟಲಿ ಇನ್ನೂ ಅಪಾಯ, ಅರ್ಧ ವೈನ್ ಅಂಗಳಕ್ಕೇ ಹೋಗುತ್ತೆ.

ತೀರ್ಥಹಳ್ಳಿ ಹುಡುಗ
ಅದೇ ಕೇಳಬೇಕಂತಿದ್ದೆ. ತಣ್ಣಗೆ ಮಾಡೋದು ಹೇಗೆ? ಮನೆಯಲ್ಲಿ ಒಂದು ಫ್ರಿಜ್ಜು, ಅದರಲ್ಲಿ ಕೋಳಿ. ಏಪ್ರಿಲಲ್ಲಿ ಗುಡುಗು ಮಳೆ ಬಂತು ಅಂದ್ರೆ ಕರೆಂಟು ಎರಡು ದಿನ ಇಲ್ಲ.

ಬಾರ್ ಕೌಂಟರ್
ಫ್ರಿಜ್ ಮರೆತುಬಿಡಿ, ಅದು ಮೂರು ನಾಲ್ಕು ಗಂಟೆ ತಗೊಳ್ಳುತ್ತೆ. ಐಸು, ನೀರು, ಒಂದೆರಡು ಹಿಡಿ ಕಲ್ಲುಪ್ಪು. ಬರೀ ಐಸಲ್ಲಿ ಹೂತ್ರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತೆ. ನೀರು ಸೇರಿದ್ರೆ ಸುತ್ತ ಹಿಡಿಯುತ್ತೆ, ಅರ್ಧ ಗಂಟೆ ಸಾಕು. ನೊರೆದು 6ರಿಂದ 8 ಡಿಗ್ರಿ, ಬಿಳಿಯದ್ದು 10ರ ಆಚೀಚೆ. ಕೆಂಪನ್ನ ಹಾಗೇ ಕೊಡಬೇಕು ಅಂತಾರಲ್ಲ, ಅದು ಚಳಿ ದೇಶದ ಮನೆಯೊಳಗಿನ ಲೆಕ್ಕ, 16ರಿಂದ 18 ಡಿಗ್ರಿ. ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಅದನ್ನೂ ಹತ್ತು ಹದಿನೈದು ನಿಮಿಷ ಮುಳುಗಿಸಿ.

ಮಂಡಿ ಲೆಕ್ಕ
ಪಾತ್ರೆಗೆ ಯಾಕೆ ಹುಡುಕಾಟ? ಅಡಿಕೆ ಬೇಯಿಸೋ ಹಂಡೆ ಸುಗ್ಗಿ ಮುಗಿದು ಖಾಲಿ ಬಿದ್ದಿರುತ್ತೆ. ಎರಡು ಹಂಡೆಯಲ್ಲಿ ಎಲ್ಲಾ ಬಾಟಲಿ ಮುಳುಗುತ್ತೆ. ಐಸು ಶಿವಮೊಗ್ಗದಿಂದ ಬೆಳಿಗ್ಗೆ ಹೊರಡಿಸಿ, ಭತ್ತದ ಹೊಟ್ಟು, ಮೇಲೆ ಒದ್ದೆ ಗೋಣಿತಾಟು. ಮೀನಿನವರು ತರಿಸೋ ಐಸೇ ಆದ್ರೂ ಅಡ್ಡಿಯಿಲ್ಲ, ಬಾಟಲಿ ಹೊರಗೆ ತಾನೇ. ಆದರೆ ಅದನ್ನ ಯಾರೂ ಗ್ಲಾಸಿಗೆ ಹಾಕದ ಹಾಗೆ ಒಬ್ಬನ್ನ ಕಾವಲು ನಿಲ್ಲಿಸು. ಜೀಪ್ ನಂಬರ್ 4 ಅಂಥವರು ಹಾಕ್ತಾರೆ.

ಕೊಪ್ಪದ ಅತ್ತಿಗೆ
ಹಂಡೆಯನ್ನ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಸಿ. ಚೊಗರಿನ ಕಲೆ ಲೇಬಲ್‌ಗೆ ಹಿಡಿದ್ರೆ ಫೋಟೋದಲ್ಲಿ ಕಾಣುತ್ತೆ. ಗ್ಲಾಸು ಬಾಡಿಗೆಗೆ ತನ್ನಿ, ಪ್ಲಾಸ್ಟಿಕ್ ಲೋಟ ಬೇಡ. ಮುರುಗಲು ಪಾನಕವನ್ನೂ ಅದೇ ಗ್ಲಾಸಿನಲ್ಲಿ ಕೊಡಿ. ಕುಡಿಯದವರಿಗೂ ಟೋಸ್ಟಲ್ಲಿ ಕೈ ಖಾಲಿ ಇರಲ್ಲ, ಬಣ್ಣವೂ ಚೆಂದ. ಯಾರ ಗ್ಲಾಸಲ್ಲಿ ಎಂತದು ಅಂತ ಯಾರಿಗೂ ಗೊತ್ತಾಗಲ್ಲ. ಅದೂ ಕೆಲವರಿಗೆ ಬೇಕಾಗುತ್ತೆ 🙂

ಹಳೇ ಗುಮಾಸ್ತ
ಆಗುಂಬೆ ಘಾಟಿ ಇಳಿಯೋ ಗಾಡಿಗಳಿಗೆ ಕುಡಿಯದ ಚಾಲಕರನ್ನ ಮೊದಲೇ ಗೊತ್ತು ಮಾಡು. ವೈನ್ ಅಂತ ಜನ ಹಗುರ ತಗೋತಾರೆ. ವಿಸ್ಕಿಯಲ್ಲಿ ಆಲ್ಕೋಹಾಲ್ ಶೇಕಡ 42.8, ಇದರಲ್ಲಿ 12-13 ಅನ್ನೋದು ನಿಜ, ಆದರೆ ಇದನ್ನ ಬಿಯರಿನ ಹಾಗೆ ಗಟಗಟ ಕುಡೀತಾರೆ.

ತೀರ್ಥಹಳ್ಳಿ ಹುಡುಗ
ಎಲ್ಲರಿಗೂ ಉಪಕಾರ. ಸನ್ನದಿಗೆ ಅರ್ಜಿ ಕೊಟ್ಟು ಬಂದೆ. ಇಂಡೆಂಟ್: ನೊರೆದು 12, ಅದರಲ್ಲಿ ಮೂರು ಸಿಹಿ. ಬಿಳಿ 12, ರೋಸೆ 6, ಕೆಂಪು 6. ಮಂಡಿಯವರ 28ನ್ನ 24ಕ್ಕೆ ಇಳಿಸಿದೆ, ಅಪ್ಪನ ಮುಖ ನೋಡಿ. ಅಪ್ಪ ಇನ್ನೂ ಸರಿಯಾಗಿ ಮಾತಾಡ್ತಿಲ್ಲ. ಆದ್ರೆ ನಿನ್ನೆ ಹಂಡೆ ತಿಕ್ಕಿಸ್ತಿದ್ದಾಗ ಬಂದು ನಿಂತು, ತೂತಿದೆಯಾ ಅಂತ ನೀರು ಹಾಕಿಸಿ ನೋಡಿದ್ರು.

ತೀರ್ಥಹಳ್ಳಿ ಹುಡುಗ
ಮೂರು ವಾರ ಆಯ್ತು, ವರದಿ ಒಪ್ಪಿಸಬೇಕಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯ್ತು, ಹಂಡೆ ಕಾಪಾಡಿತು. ಬಿಳಿಯದ್ದು ಎರಡು ಗಂಟೆಗೆಲ್ಲ ಖಾಲಿ. ಕೆಂಪು ಮೂರು ಬಾಟಲಿ ಹಾಗೇ ಉಳಿದಿದೆ, ಅತ್ತಿಗೆ ಮಾತು ಇನ್ನೂ ಕೇಳಬೇಕಿತ್ತು. ರೋಸೆಯನ್ನ ಚಿಕ್ಕಮ್ಮಂದಿರು ಜಗಲಿಯಲ್ಲಿ ಕೂತು ಮುಗಿಸಿದ್ರು, ಎಷ್ಟು ಜನ ಅಂತ ಹೇಳಲ್ಲ, ಅವರ ಗಂಡಂದಿರೂ ಇಲ್ಲಿ ಓದ್ತಾರೆ. ಜರ್ಮನಿಯವರಲ್ಲಿ ಇಬ್ಬರು ವೈನ್ ಬಿಟ್ಟು ಮುರುಗಲಿನ ಹಿಂದೆ ಬಿದ್ರು. ಇನ್ನಿಬ್ಬರನ್ನ ಜೀಪ್ ನಂಬರ್ 4 ಕೊಟ್ಟಿಗೆ ಹಿಂದೆ ಕರ್ಕೊಂಡು ಹೋಗಿದ್ದ, ವಾಪಸ್ ಬಂದಿದ್ದು ಸಂಜೆ.

ಟೋಸ್ಟಿನ ಮೊದಲ ಬಾಟಲಿ ನಾನೇ ತೆಗೆದೆ, ಕಲಿತ ಹಾಗೇ, ನಿಟ್ಟುಸಿರು ಬಂತು. ಎರಡನೇದನ್ನ ಭಾವನ ತಮ್ಮ ಕಿತ್ತುಕೊಂಡು ಅಲುಗಾಡಿಸಿದ. ಬಿರಡೆ ಚಪ್ಪರದ ಸೋಗೆ ತೂರಿ ಹೊರಗೆ ಹೋಯ್ತು, ನೊರೆ ಅಪ್ಪನ ಬಿಳಿ ಪಂಚೆ ಮೇಲೆ. ಎಲ್ಲಾ ಸುಮ್ಮನಾದ್ರು. ಅಪ್ಪ ಕೈ ಮೇಲೆ ಬಿದ್ದದ್ದನ್ನ ನೆಕ್ಕಿ ನೋಡಿ, "ಇಷ್ಟು ದುಡ್ಡು ಕೊಟ್ಟು ಹುಳಿ ತಂದಿದ್ದಾನೆ" ಅಂದ್ರು. ಆಮೇಲೆ ಸಿಹಿಯದ್ದರಲ್ಲಿ ಅರ್ಧ ಗ್ಲಾಸ್ ತಗೊಂಡ್ರು. ನೊರೆದು ಒಂದು ಉಳಿದಿದೆ, ತಂಗಿ ಮತ್ತೆ ಬಂದಾಗ ತೆಗೆಯೋಣ ಅಂತ ಅವರೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಈಗ ಇನ್ನೊಂದು ಪ್ರಶ್ನೆ. ಖಾಲಿಯಾದ ಹನ್ನೊಂದು ದಪ್ಪ ಬಾಟಲಿಯನ್ನೂ ಅಮ್ಮ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ್ದಾರೆ, ಜೇನುತುಪ್ಪ ತುಂಬಿಸೋಕೆ. ಬಿರಡೆ ಅಣಬೆ ತರ ಉಬ್ಬಿಕೊಂಡಿದೆ, ವಾಪಸ್ ಒಳಗೆ ಹೋಗ್ತಿಲ್ಲ. ಏನು ಮಾಡೋದು?

ಬಾರ್ ಕೌಂಟರ್
ಅದು ಹೋಗಲ್ಲ. ಹಾಕುವಾಗ ಬಾಟಲಿ ಬಾಯಿಗಿಂತ ತುಂಬಾ ದಪ್ಪ ಇರೋದನ್ನ ಅದುಮಿ ತುರುಕಿರ್ತಾರೆ.

ಕೊಪ್ಪದ ಅತ್ತಿಗೆ
ಚಾಕು ತಗೊಂಡು ಸುತ್ತ ಕೆತ್ತಿ ಸಣ್ಣ ಮಾಡಿ, ತೆಳು ಬಟ್ಟೆ ಸುತ್ತಿ ಹಾಕೋಕೆ ಹೇಳಿ ಅಮ್ಮನಿಗೆ. ಮತ್ತೆ ಜೇನು ಕೊಡೋದಿದ್ರೆ ನಂಗೆ ಎರಡು ಬಾಟಲಿ ತೆಗೆದಿಡಿ.